ಹರಿಯದ ಲಾಡಿ

ಮಗುವಿಗೊಂದು ಏಪ್ರನ್ ಹೊಲಿಯಲು ಬೇಕಾಗುವುದು ಬಹಳ ಕಡಿಮೆ. ಒಂದಿಷ್ಟು ಗಟ್ಟಿ ಬಟ್ಟೆ, ಒಂದು ಹಳೆಯ ಪೇಪರು, ಕತ್ತರಿ, ಸೂಜಿ ದಾರ, ಕಟ್ಟಿಕೊಳ್ಳಲು ಒಂದು ಲಾಡಿ. ಮಗು ಒಂದು ನಿಮಿಷ ಅಲ್ಲಾಡದೆ ನಿಂತರೆ ಅಳತೆಯೂ ಸಿಗುತ್ತದೆ. ನನ್ನ ಮಗಳಿಗೆ ಆಗ ನಾಲ್ಕು ವರ್ಷ, ಅವಳು ನಿಲ್ಲಲಿಲ್ಲ, ಅದು ಬೇರೆ ಮಾತು. ಬಟ್ಟೆ, ಪೇಪರು, ಕತ್ತರಿಯ ಬಗ್ಗೆ ಎಷ್ಟು ಹೊತ್ತು ಬೇಕಾದರೂ ಹೇಳಬಲ್ಲೆ. ಲಾಡಿಯ ಮಾತು ಬಂದಾಗ ಮಾತ್ರ ಇಷ್ಟು ವರ್ಷಗಳಾದ ಮೇಲೂ ಮಾತು ಬದಲಿಸಿಬಿಡುತ್ತೇನೆ. ನಾನೇ ಕೂತು ಹೊಲಿದ ಏಪ್ರನ್ನಿನ ಲಾಡಿ ಒಂದು ಬೆಳಿಗ್ಗೆ ಪಕ್ಕದ ಮನೆಯ ಯಂತ್ರಕ್ಕೆ ಸಿಕ್ಕಿಕೊಂಡು ನನ್ನ ಮಗಳ ಕುತ್ತಿಗೆಯನ್ನು ಬಿಗಿಯಿತು. ಮಗಳು ಉಳಿದಳು. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಕೊನೆಯ ತನಕ ಮುಚ್ಚಿಟ್ಟುಕೊಂಡು ಕತೆ ಹೇಳುವ ಧೈರ್ಯ ನನಗಿಲ್ಲ.

ಆಗ ರಾಮನಗರದಲ್ಲಿ ಎಲ್ಲಿ ನೋಡಿದರೂ ರೇಷ್ಮೆ. ಮೈಸೂರು ರಸ್ತೆಯ ಬಸ್ಸಿನಲ್ಲಿ ನಿದ್ದೆ ಹೋದವರಿಗೂ ಊರು ಬಂತೆಂದು ಮೂಗೇ ಎಬ್ಬಿಸಿ ಹೇಳುತ್ತಿತ್ತು. ಬೆಂದ ಹುಳುವಿನ ಆ ವಾಸನೆಗೆ ಹೊರಗಿನವರು ಸೆರಗು ಮುಚ್ಚಿಕೊಳ್ಳುತ್ತಿದ್ದರು, ಊರಿನವರು ಅದನ್ನು ಲಕ್ಷ್ಮಿಯ ವಾಸನೆ ಎನ್ನುತ್ತಿದ್ದರು. ನಾನು ಮಾಗಡಿಯ ಕಡೆಯವಳು. ಅವರೆಕಾಯಿ ಸೊಗಡಿನಲ್ಲಿ ಬೆಳೆದು, ಬಿ.ಎ. ಮುಗಿಸಿ, ಮದುವೆಯಾಗಿ ಈ ಬೀದಿಗೆ ಬಂದ ಹೊಸದರಲ್ಲಿ ಮೂರು ದಿನ ಊಟ ಸೇರಿರಲಿಲ್ಲ. ನಾಲ್ಕನೆಯ ದಿನ ಹಸಿವಾಯಿತು, ಆಮೇಲೆ ಆ ವಾಸನೆಯ ನೆನಪೇ ಬರಲಿಲ್ಲ.

ನಮ್ಮ ಅತ್ತೆಮನೆಯವರಿಗೆ ಕೆಂಗಲ್ ಕಡೆ ಹಿಪ್ಪುನೇರಳೆ ತೋಟವಿತ್ತು, ತೋಟದಲ್ಲೇ ಹುಳುಮನೆ. ವಾಸ ಮಾತ್ರ ಪೇಟೆಯ ಅಂಚಿನಲ್ಲಿ. ಗಂಡ ಬೆಳಿಗ್ಗೆ ಮೊಪೆಡ್ಡಿನಲ್ಲಿ ತೋಟಕ್ಕೆ ಹೋದರೆ ಬರುವುದು ಮಧ್ಯಾಹ್ನ. ಮನೆಯಲ್ಲಿ ನಾನು, ಅತ್ತೆ, ಮಗಳು. ಮನೆಯೊಳಗಿನ ಸಾಮಾನೆಲ್ಲ ಒಂದಲ್ಲ ಒಂದು ರೀತಿಯಲ್ಲಿ ಹುಳುವಿನದೇ ಬಳುವಳಿ. ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಂಕಿ ಮುರಿದರೆ ಅದು ಕೋಳಿಗಳಿಗೆ ಬೇಲಿಯಾಗುತ್ತಿತ್ತು. ಸೊಪ್ಪಿನ ಕಡ್ಡಿ ಒಲೆಗೆ ಹೋಗುತ್ತಿತ್ತು. ಗೂಡನ್ನು ಮಾರ್ಕೆಟ್ಟಿಗೆ ತುಂಬಿಕೊಂಡು ಹೋಗುವ ದಪ್ಪ ಬಟ್ಟೆಯ ಚೀಲ ಹಳೆಯದಾದರೆ ಒರೆಸುವ ಬಟ್ಟೆ, ದಿಂಬಿನ ಚೀಲ, ಮಳೆ ಬಂದರೆ ತಲೆಗೆ ಕೊಪ್ಪೆ.

ಪಕ್ಕದ ಮನೆ ಬೂಬಮ್ಮನವರದು. ಗೂಡಿನಿಂದ ನೂಲು ತೆಗೆಯುವ ಕಸುಬು ಅವರ ಮನೆಯಲ್ಲಿ ಅಜ್ಜನ ಕಾಲದ್ದು. ಹಿತ್ತಲಿನ ಶೆಡ್ಡಿನಲ್ಲಿ ಸಾಲಾಗಿ ಬಿಸಿನೀರಿನ ತೊಟ್ಟಿಗಳು, ತೊಟ್ಟಿಯ ಮುಂದೆ ಕೂತು ಗೂಡಿನ ಎಳೆ ಹಿಡಿಯುವ ಹೆಂಗಸರು. ಶೆಡ್ಡಿನ ಇನ್ನೊಂದು ಬದಿಯಲ್ಲಿ ನೂಲನ್ನು ಮತ್ತೆ ಸುತ್ತುವ ದೊಡ್ಡ ರಾಟೆಗಳು. ಅಲ್ಲಿ ಬೂಬಮ್ಮ ತಾವೇ ಕೂರುತ್ತಿದ್ದರು. ರಾಟೆಗಳನ್ನೆಲ್ಲ ತಿರುಗಿಸುವುದಕ್ಕೆ ನೆಲದಿಂದ ಒಂದು ಮೊಳ ಮೇಲೆ, ಶೆಡ್ಡಿನ ಉದ್ದಕ್ಕೂ ಒಂದು ಕಬ್ಬಿಣದ ಸರಳು ಸುತ್ತುತ್ತಿತ್ತು. ಸರಳಿಗೆ ಮೂಲೆಯ ಮೋಟರಿನಿಂದ ಅಗಲವಾದ ಬೆಲ್ಟು. ನಮ್ಮ ಹಿತ್ತಲಿಗೂ ಅವರ ಹಿತ್ತಲಿಗೂ ನಡುವೆ ಗೋಡೆಯಿತ್ತು, ಗೋಡೆಯಲ್ಲಿ ಕದವಿಲ್ಲದ ಒಂದು ಬಾಗಿಲಿತ್ತು. ಹಬ್ಬಕ್ಕೆ ಹೋಳಿಗೆ ಆ ಕಡೆ ಹೋಗುತ್ತಿತ್ತು, ಅವರ ಹಬ್ಬಕ್ಕೆ ಶಾವಿಗೆ ಪಾಯಸ ಈ ಕಡೆ ಬರುತ್ತಿತ್ತು. ನನ್ನ ಮಗಳು ಮಾತ್ರ ಹಬ್ಬಕ್ಕೆ ಕಾಯದೆ ದಿನಾ ಹೋಗುತ್ತಿದ್ದಳು.

ಅಲ್ಲಿ ಅವಳಿಗೊಂದು ಕೆಲಸವಿತ್ತು. ರಾಟೆಯ ಪಕ್ಕದಲ್ಲಿ ಸುರಿದ ಗೂಡಿನ ರಾಶಿಯಿಂದ ಕಲೆಯಾದ ಗೂಡು, ಎರಡು ಹುಳು ಸೇರಿ ಕಟ್ಟಿದ ಜೋಡಿ ಗೂಡು ಆರಿಸಿ ಬೇರೆ ಬುಟ್ಟಿಗೆ ಹಾಕುವುದು. ಹತ್ತು ಆರಿಸಿದರೆ ಅದರಲ್ಲಿ ಆರು ಒಳ್ಳೆಯ ಗೂಡೇ ಇರುತ್ತಿದ್ದವು. ಬೂಬಮ್ಮ ಅವನ್ನು ಸದ್ದಿಲ್ಲದೆ ರಾಶಿಗೆ ವಾಪಸ್ಸು ಹಾಕಿ, "ಶಾಬ್ಬಾಸ್ ಬೇಟಾ, ನೀನಿಲ್ದೆ ಇದ್ರೆ ನನ್ ಕಾರ್ಖಾನೆ ಬಂದ್" ಎನ್ನುತ್ತಿದ್ದರು. ಮಗಳು ಮಧ್ಯಾಹ್ನ ಮನೆಗೆ ಬರುವಾಗ ಫ್ರಾಕಿನ ಮುಂಭಾಗವೆಲ್ಲ ತೊಟ್ಟಿಯ ನೀರು, ಹುಳುವಿನ ಎಣ್ಣೆ. ಆ ಎಣ್ಣೆಯ ಕಲೆ ಯಾವ ಸೋಪಿಗೂ ಹೆದರುವುದಿಲ್ಲ. ವಾರಕ್ಕೆ ಮೂರು ಫ್ರಾಕು ಹಾಳು.

ಕಳಿಸುವುದು ಬೇಡ ಎಂದು ನಾನು ಒಮ್ಮೆ ಅಂದು ನೋಡಿದ್ದೆ.

"ಹೋದ್ರೆ ಹೋಗ್ಲಿ ಬುಡಮ್ಮಿ," ಅಂದರು ಅತ್ತೆ. "ಇಲ್ಲಿದ್ರೆ ನನ್ನ ಎಲೆಅಡಕೆ ಚೀಲ ಬಿಚ್ತದೆ. ಅಲ್ಲಿ ಬೂಬಮ್ಮನ ಕಣ್ಣಿರ್ತದೆ."

"ಬಟ್ಟೆ ಒಗೆಯೋದು ನಾನು ಅತ್ತೆ."

"ಅದಕ್ಕೇ ಹೇಳಿದ್ದು, ಹೋಗ್ಲಿ ಬುಡು ಅಂತ."

ತೊಟ್ಟಿಯ ಮುಂದೆ ಕೂರುವ ಹೆಂಗಸರು ಸೊಂಟಕ್ಕೆ ಗೋಣಿಚೀಲ ಕಟ್ಟಿಕೊಳ್ಳುತ್ತಿದ್ದರು. ಮಗಳ ಕಣ್ಣು ಅದರ ಮೇಲೆ ಬಿತ್ತು. ಒಂದು ಸಂಜೆ ಅವಳು ರಾಗಿ ಚೀಲವನ್ನೇ ಖಾಲಿ ಮಾಡಿ ಸೊಂಟಕ್ಕೆ ಸುತ್ತಿಕೊಳ್ಳಲು ನೋಡಿದಳು. ನೆಲದ ಮೇಲೆಲ್ಲ ರಾಗಿ. "ನಂಗೂ ಗೋಣಿ ಬೇಕು" ಎಂದು ಅಳು. ಅಂದೇ ನಾನು ಅವಳಿಗೊಂದು ಏಪ್ರನ್ ಹೊಲಿಯುವುದೆಂದು ತೀರ್ಮಾನಿಸಿದೆ. ತವರಿನಿಂದ ತಂದ ಹೊಲಿಗೆ ಮೆಷಿನ್ ಮೂರು ವರ್ಷದಿಂದ ಟೀವಿ ಇಡುವ ಮೇಜಾಗಿ ಕೂತಿತ್ತು. ಟೀವಿ ನೆಲಕ್ಕಿಳಿಯಿತು. "ಬಿ.ಎ. ಓದಿದ್ದು ಇವತ್ತು ಕೆಲ್ಸಕ್ಕೆ ಬಂತು" ಅಂದರು ಗಂಡ, ನೆಲದ ಮೇಲೆ ಕೂತು ವಾರ್ತೆ ನೋಡುತ್ತ.

ಓದಿದ್ದು ನಿಜಕ್ಕೂ ಕೆಲಸಕ್ಕೆ ಬಂದಿತ್ತು. ಕಾಲೇಜಿನ ಹಾಸ್ಟೆಲಿನಲ್ಲಿ ಗೆಳತಿಯೊಬ್ಬಳು ಒಂದೇ ಲಾಡಿಯ ಏಪ್ರನ್ ಹೊಲಿಯುವುದನ್ನು ತೋರಿಸಿಕೊಟ್ಟಿದ್ದಳು. ಬಟ್ಟೆಯ ಮೇಲಿನ ಎರಡು ಮೂಲೆಗಳನ್ನು ಕಂಕುಳಿನ ಆಕಾರಕ್ಕೆ ಕತ್ತರಿಸಿ, ಆ ಅಂಚುಗಳನ್ನು ಒಳಗೆ ಮಡಿಸಿ, ಲಂಗದ ಸೊಂಟದಲ್ಲಿ ಲಾಡಿ ಪೋಣಿಸಲು ಬಿಡುತ್ತಾರಲ್ಲ ಹಾಗೆ ಕೊಳವೆ ಬಿಟ್ಟು ಹೊಲಿಯಬೇಕು. ಉದ್ದನೆಯ ಒಂದೇ ಲಾಡಿ ಒಂದು ಕೊಳವೆಯಲ್ಲಿ ಮೇಲಕ್ಕೆ ಹೋಗಿ, ಕುತ್ತಿಗೆಯ ಹಿಂದೆ ಬಳಸಿ, ಇನ್ನೊಂದು ಕೊಳವೆಯಲ್ಲಿ ಕೆಳಗಿಳಿಯುತ್ತದೆ. ಎರಡು ತುದಿಗಳನ್ನು ಸೊಂಟದ ಹಿಂದೆ ಕಟ್ಟಿದರೆ ಆಯಿತು. ಗುಂಡಿ ಬೇಡ, ಕಾಜ ಬೇಡ. ಮಗು ಬೆಳೆದರೆ ಲಾಡಿ ಸಡಿಲಿಸಿದರೆ ಸಾಕು. ಕುತ್ತಿಗೆಯ ಕಡೆ ದೊಗಳೆಯಾದರೆ ಕೆಳಗಿನ ತುದಿ ಹಿಡಿದು ಎಳೆದರೆ ಸಾಕು. ಎಳೆದಷ್ಟೂ ಮೇಲೆ ಬಿಗಿಯಾಗುತ್ತದೆ. ಇದನ್ನು ಅತ್ತೆಗೆ ನಾನು ಎಷ್ಟು ಹೆಮ್ಮೆಯಿಂದ ವಿವರಿಸಿದೆನೆಂದರೆ ಅವರು ಬಾಯಲ್ಲಿದ್ದ ಎಲೆಯಡಿಕೆ ಉಗಿದು ಬಂದು ಕೇಳಿದರು.

ಬಟ್ಟೆಗೆ ಹಳೆಯ ಗೂಡಿನ ಚೀಲ. ಎರಡು ಸಲ ಕುದಿಸಿ ಒಗೆದ ಮೇಲೆ ಅದು ಹಾಲು ಸೋಸುವ ಬಟ್ಟೆಯಷ್ಟು ಮೆತ್ತಗಾಗಿತ್ತು. ಮಾರ್ಕೆಟ್ಟಿನ ಹರಾಜಿನಲ್ಲಿ ಲಾಟಿನ ಗುರುತಿಗೆಂದು ಬಳಿದಿದ್ದ ಕೆಂಪು ಬಣ್ಣದ ಒಂದು ಉಂಡೆ ಚುಕ್ಕಿ ಮಾತ್ರ ಹೋಗಲಿಲ್ಲ. ಅದು ಎದೆಯ ಮಧ್ಯೆ ಬರುವಂತೆ ಕತ್ತರಿಸಿದೆ. ಅಳತೆಗಾಗಿ ಮಗಳನ್ನು ಪೇಪರಿನ ಮೇಲೆ ಮಲಗಿಸಿ ಸುತ್ತ ಪೆನ್ಸಿಲ್ಲಿನಲ್ಲಿ ಗೆರೆ ಎಳೆಯಲು ಹೋದೆ. ಕಂಕುಳ ಹತ್ತಿರ ಪೆನ್ಸಿಲ್ಲು ಬಂದಾಗಲೆಲ್ಲ ಅವಳಿಗೆ ಕಚಗುಳಿ. ಎದ್ದು ನೋಡಿದರೆ ಪೇಪರಿನ ಮೇಲಿನ ಚಿತ್ರಕ್ಕೆ ಮೂರು ಕೈ.

"ಇದ್ಯಾವ ದೇವ್ರಮ್ಮಿ?" ಅಂದರು ಅತ್ತೆ.

ಕೊನೆಗೆ ಅವಳ ಹಳೆಯ ಫ್ರಾಕನ್ನೇ ಪೇಪರಿನ ಮೇಲೆ ಹಾಸಿ ಅಳತೆ ಹಿಡಿದೆ. ದಪ್ಪ ಬಟ್ಟೆಗೆ ಸೂಜಿ ಒಂದು ಮುರಿಯಿತು. ಎರಡನೆಯದರಲ್ಲಿ ಅಂಚು ಮಡಿಸಿ, ಹೊಟ್ಟೆಯ ಮೇಲೊಂದು ಜೇಬಿಟ್ಟು, ಎರಡು ಕೊಳವೆಗಳನ್ನೂ ಹೊಲಿದೆ. ಒಂದು ಮಧ್ಯಾಹ್ನದ ಕೆಲಸ. ಹೊಲಿಗೆ ಅಲ್ಲಲ್ಲಿ ಹೊಟ್ಟೆ ನೋವು ಬಂದವರ ಹಾಗೆ ಬಾಗಿತ್ತು, ಆದರೆ ಗಟ್ಟಿಯಾಗಿತ್ತು.

ಲಾಡಿಗೆಂದು ಪೇಟೆಯಿಂದ ಬಿಳಿಯ ಹತ್ತಿ ಲಾಡಿ ತಂದಿಟ್ಟಿದ್ದೆ, ಲಂಗಕ್ಕೆ ಹಾಕುವಂಥದ್ದು. ಅತ್ತೆ ಅದನ್ನು ಎರಡು ಬೆರಳಿನಲ್ಲಿ ಎತ್ತಿ ಹಿಡಿದು ಸತ್ತ ಹಲ್ಲಿಯನ್ನು ನೋಡುವ ಹಾಗೆ ನೋಡಿದರು.

"ರೇಷ್ಮೆ ಊರಲ್ಲಿ ಕುಂತ್ಕಂಡು ಕೂಸಿಗೆ ಹತ್ತಿ ಲಾಡಿ ಹಾಕೀಯಾ? ನೋಡ್ದೋರು ಏನಂದಾರು? ನಾಲ್ಕು ದಿನಕ್ಕೆ ಹರಿದೋಯ್ತದೆ."

ನಮ್ಮಲ್ಲಿ ಮಕ್ಕಳ ಸೊಂಟದ ಉಡಿದಾರವನ್ನು ಮನೆಯ ಹಿರಿಯ ಹೆಂಗಸರೇ ರೇಷ್ಮೆಯಲ್ಲಿ ಹೊಸೆಯುತ್ತಿದ್ದರು. ಅತ್ತೆ ಅದರಲ್ಲಿ ಬೀದಿಗೇ ಹೆಸರಾದವರು. ಬೂಬಮ್ಮನ ರಾಟೆಯಲ್ಲಿ ತುಂಡಾಗಿ, ಮಾರಲು ಬಾರದೆ ಉಳಿದ ನೂಲಿನ ಸಿಕ್ಕನ್ನು ಒಂದು ಹಿಡಿ ಇಸಕೊಂಡು ಬಂದರು. ನಮ್ಮ ಕಡೆಯ ಗೂಡಿನ ರೇಷ್ಮೆ ಹುಟ್ಟಾ ಹಳದಿ, ಬಣ್ಣ ಹಾಕುವ ಕೆಲಸವಿಲ್ಲ. ಸೀರೆ ಮಂಡಿಯ ತನಕ ಸರಿಸಿ, ಕಾಲು ಚಾಚಿ ಕೂತು, ತೊಡೆಯ ಮೇಲೆ ಎಳೆಯಿಟ್ಟು ಅಂಗೈಯಲ್ಲಿ ಉಜ್ಜಿ ಉಜ್ಜಿ ಹೊಸೆದರು. ಎರಡು ಎಳೆ, ನಾಲ್ಕು ಎಳೆ, ಎಂಟು ಎಳೆ. ನಾನು ಇನ್ನೊಂದು ತುದಿ ಹಿಡಿದು ಕೂತಿದ್ದೆ. ಸಂಜೆಯ ಹೊತ್ತಿಗೆ ಪೆನ್ಸಿಲ್ ದಪ್ಪದ, ಹೊಳೆಯುವ ಲಾಡಿ ಸಿದ್ಧವಾಯಿತು.

ಅಂದು ತೋಟದಿಂದ ತಡವಾಗಿ ಬಂದ ಮಗನ ಮುಂದೆ ಅದನ್ನು ಹಿಡಿದು, "ಲೇ, ಇದ್ನ ಕಿತ್ತಾಕ್ಲಾ ನೋಡಾನ" ಅಂದರು ಅತ್ತೆ.

ನನ್ನ ಗಂಡ ಎರಡೂ ಅಂಗೈಗೆ ಸುತ್ತಿಕೊಂಡು ಜಗ್ಗಿದರು. ಮುಖ ಕೆಂಪಾಯಿತು, ಅಂಗೈಯಲ್ಲಿ ಗೆರೆ ಬಿತ್ತು, ಲಾಡಿಗೆ ಏನೂ ಆಗಲಿಲ್ಲ. "ಅವ್ವ, ಇದ್ರಲ್ಲಿ ಕುರಿ ಕಟ್ಟಾಕ್ಬೋದು ಕಣವ್ವ."

"ಕುರಿ ಯಾಕ್ಲಾ, ಎತ್ತೇ ಕಟ್ಟಾಕು!"

ನಾವೆಲ್ಲ ನಕ್ಕೆವು. ನಾನೇ ಜೋರಾಗಿ ನಕ್ಕೆ ಅಂತ ನೆನಪು. ಬಿಳಿ ಲಾಡಿಯನ್ನು ಮಡಿಸಿ ಮೆಷಿನ್ನಿನ ಡ್ರಾಯರಿನಲ್ಲಿಟ್ಟೆ.

ಹಳದಿ ಲಾಡಿಯನ್ನು ಪೋಣಿಸಿ ಮಗಳಿಗೆ ಕಟ್ಟಿ ನೋಡಿದರೆ ಹಿಂದೆ ಎರಡು ಬಾಲ ನೆಲ ಮುಟ್ಟುತ್ತಿದ್ದವು. ನಾನು ಕತ್ತರಿ ತೆಗೆದೆ. ಅತ್ತೆ ಕೈ ಅಡ್ಡ ಹಿಡಿದರು. "ಬೆಳೆಯೋ ಕೂಸು, ಬುಡು ಉದ್ದ ಇರ್ಲಿ. ವರ್ಸಕ್ಕೆ ಸರಿ ಆಯ್ತದೆ. ರೇಷ್ಮೆ ಕತ್ತರಿಸಿ ಬಿಸಾಕಾರಾ ಯಾರಾದ್ರೂ?" ನಾನು ಹಾಕಿದ ಹೂವಿನ ಗಂಟು ರೇಷ್ಮೆಯ ನಯಕ್ಕೆ ಮತ್ತೆ ಮತ್ತೆ ಜಾರಿ ಬಿಚ್ಚಿಕೊಳ್ಳುತ್ತಿತ್ತು. ಅತ್ತೆ ಅದಕ್ಕೂ ಪರಿಹಾರ ಕಂಡುಕೊಂಡರು. ಕರುವಿಗೆ ಹಾಕುವ ಗಂಟು ಹಾಕಿ, ನೀರು ಚಿಮುಕಿಸಿ ಬಿಗಿದರು.

ಮರುದಿನ ಬೆಳಿಗ್ಗೆ ಮಗಳು ಹಿತ್ತಲಿನ ಬಾಗಿಲು ದಾಟಿದ್ದು ಮೆರವಣಿಗೆಯ ಹಾಗಿತ್ತು. ತೊಟ್ಟಿಯ ಮುಂದಿನ ಹೆಂಗಸರೆಲ್ಲ ಕೆಲಸ ಬಿಟ್ಟು ನೋಡಿದರು. ಬೂಬಮ್ಮ ಕೆನ್ನೆಗೆ ಕೈಯಿಟ್ಟರು. ನನ್ನನ್ನು ಅವರು ಕರೆಯುತ್ತಿದ್ದುದು ಟೀಚರಮ್ಮ ಅಂತ. ನಾನು ಯಾವ ಸ್ಕೂಲಿನಲ್ಲೂ ಟೀಚರಾಗಿರಲಿಲ್ಲ, ಓದಿದವರೆಲ್ಲ ಅವರಿಗೆ ಟೀಚರೇ.

"ಅರೆ ಟೀಚರಮ್ಮ, ಇದೇನು, ನನ್ ಸೇಟು ಬಂದಂಗೈತೆ! ಲಾಟಿನ ಗುರ್ತು ಬೇರೆ ಎದೆ ಮೇಲೆ. ಎಷ್ಟಕ್ಕೆ ಕೂಗ್ಲಿ ಈ ಗೂಡು?"

"ಮಾರಲ್ಲ," ಅಂದಳು ಮಗಳು ಗಂಭೀರವಾಗಿ, ಜೇಬಿನಲ್ಲಿ ಕೈಯಿಟ್ಟುಕೊಂಡು.

ಮೂರು ದಿನ ಎಲ್ಲವೂ ಚೆನ್ನಾಗಿತ್ತು. ಫ್ರಾಕು ಒಣಗಿಯೇ ಮನೆಗೆ ಬರುತ್ತಿತ್ತು, ಏಪ್ರನ್ ಸಂಜೆ ಒಗೆದರೆ ಬೆಳಿಗ್ಗೆಗೆ ಸಿದ್ಧ. ಲಾಡಿಯ ಬಾಲಗಳು ಮಾತ್ರ ಹಿಂದೆ ನೆಲ ಗುಡಿಸಿಕೊಂಡು ಬಂದು ಕಪ್ಪಾಗುತ್ತಿದ್ದವು. ಮೂರನೆಯ ಸಂಜೆ ಅವಳೇ ಅದನ್ನು ತುಳಿದು ಮುಗ್ಗರಿಸಿದಳು. ಬಿದ್ದು ಹಲ್ಲು ಮುರಿದುಕೊಂಡಾಳು ಅನ್ನಿಸಿತು. ನನಗೆ ಬಂದ ಹೆದರಿಕೆ ಅಷ್ಟೇ, ಹಲ್ಲಿನದು. ಅತ್ತೆಗೆ ಹೇಳಿದರೆ ಬಿಡುವುದಿಲ್ಲ, ಗೊತ್ತಾಗದಂತೆ ಒಂದೊಂದು ಗೇಣು ಕತ್ತರಿಸಿಬಿಡೋಣ ಎಂದುಕೊಂಡೆ.

ನಾಲ್ಕನೆಯ ದಿನ ಬೆಳಿಗ್ಗೆ ಹತ್ತರ ಹೊತ್ತಿಗೆ ಅತ್ತೆ ಮುಂಬಾಗಿಲಲ್ಲಿ ಸೊಪ್ಪಿನವಳ ಜೊತೆ ಚೌಕಾಶಿಗೆ ಕೂತಿದ್ದರು. ನಾನು ಮೆಷಿನ್ನಿನ ಮೇಲಿದ್ದ ದೊಡ್ಡ ಕತ್ತರಿ ತೆಗೆದುಕೊಂಡು ಹಿತ್ತಲಿನ ಬಾಗಿಲು ದಾಟಿ ಶೆಡ್ಡಿನ ಹೊಸ್ತಿಲಿಗೆ ಬಂದೆ. ಮಗಳು ರಾಶಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದಳು, ಬೆನ್ನು ಸರಳಿನ ಕಡೆ. ಬೂಬಮ್ಮ ಪಕ್ಕದ ರಾಟೆಯಲ್ಲಿ ತುಂಡಾದ ಎಳೆ ಗಂಟು ಹಾಕುತ್ತಿದ್ದರು. ಮಗಳು ತಲೆಯೆತ್ತಿ ನನ್ನನ್ನು ನೋಡಿದಳು. ಆ ಹೊತ್ತಿಗೆ ನಾನು ಅಲ್ಲಿಗೆ ಹೋಗುವವಳಲ್ಲ, ಅದಕ್ಕೇ ಅವಳಿಗೆ ಅಷ್ಟು ಖುಷಿ. "ಅಮ್ಮಾ" ಎಂದು ಎದ್ದು ನನ್ನ ಕಡೆ ಓಡಿಬಂದಳು. ಎದ್ದ ರಭಸಕ್ಕೆ ಲಾಡಿಯ ಬಾಲ ಹಿಂದಕ್ಕೆ ಚಿಮ್ಮಿ ಸರಳಿನ ಮೇಲೆ ಬಿದ್ದು ಸುತ್ತಿಕೊಂಡಿತು.

ಎರಡು ಹೆಜ್ಜೆ ಬಂದು ನಿಂತಳು. ಗೂಟಕ್ಕೆ ಕಟ್ಟಿದ ಮೇಕೆಮರಿ ಹಗ್ಗ ಮುಗಿದಾಗ ನಿಲ್ಲುತ್ತದಲ್ಲ, ಹಾಗೆ. ಇನ್ನೂ ನಗುತ್ತಿದ್ದಳು. ಯಾರೋ ಆಟಕ್ಕೆ ಹಿಂದಿನಿಂದ ಹಿಡಿದುಕೊಂಡರು ಅಂದುಕೊಂಡಿರಬೇಕು. ಆಮೇಲೆ ಹಿಂದಕ್ಕೆ ಹೋಗತೊಡಗಿದಳು. ಮುಖ ನನ್ನ ಕಡೆಗೇ ಇತ್ತು, ಕಾಲು ಹಿಂದಕ್ಕೆ ಹೋಗುತ್ತಿದ್ದವು. ಕೈ ಎರಡೂ ಕುತ್ತಿಗೆಗೆ ಹೋದವು. ಸದ್ದೇ ಇಲ್ಲ. ಮೋಟರಿನ ಸದ್ದೂ ಬದಲಾಗಲಿಲ್ಲ, ನಾಲ್ಕು ವರ್ಷದ ಮಗುವಿನ ಭಾರ ಅದಕ್ಕೆ ಒಂದು ಲೆಕ್ಕವೇ ಅಲ್ಲ.

ನಾನು ನಿಂತಿದ್ದೆ. ಹೊಸ್ತಿಲಿನಿಂದ ಅವಳಿಗೆ ಆರು ಹೆಜ್ಜೆ. ಆಮೇಲೆ ಎಷ್ಟೋ ಸಲ ಅಳೆದಿದ್ದೇನೆ, ಆರೇ. ಕೈಯಲ್ಲಿ ಕತ್ತರಿಯಿತ್ತು. ಏನಾಗುತ್ತಿದೆ ಎಂಬುದು ನನಗೆ ಪೂರ್ತಿ ಅರ್ಥವಾಗಿತ್ತು. ಎಳೆದಷ್ಟೂ ಮೇಲೆ ಬಿಗಿಯಾಗುತ್ತದೆ ಎಂದು ವಿವರಿಸಿದವಳೇ ನಾನು. ಕಾಲು ಮಾತ್ರ ಏಳಲಿಲ್ಲ.

ಬೂಬಮ್ಮ ಎದ್ದರು. ಅವರು ಮಗುವಿನ ಕಡೆ ಹೋಗದೆ ತಿರುಗಿ ಮೂಲೆಗೆ ಓಡಿದ್ದನ್ನು ನೋಡಿ, ಇವರು ಎಲ್ಲಿಗೆ ಹೋಗುತ್ತಿದ್ದಾರೆ ಎಂದು ಅನ್ನಿಸಿದ್ದು ನೆನಪಿದೆ. ಓಡುವ ಬೆಲ್ಟಿನ ಪಕ್ಕಕ್ಕೆ ಮೊಳಕೈ ಕೊಟ್ಟು ಜೋರಾಗಿ ನೂಕಿದರು. ಬೆಲ್ಟು ಚಕ್ರದಿಂದ ಜಾರಿ ಪಟಾರೆಂದು ಗೋಡೆಗೆ ಬಡಿಯಿತು. ಸರಳು ಇನ್ನೊಂದೆರಡು ಸುತ್ತು ಹಾಕಿ ನಿಂತಿತು. ಆಗ ಮಗಳ ಬೆನ್ನಿಗೂ ಸರಳಿಗೂ ಒಂದು ಚೋಟು ಉಳಿದಿತ್ತು.

"ಟೀಚರಮ್ಮಾ! ಕೈಯಾಗೆ ಕತ್ತರಿ ಐತಲ್ಲಾ! ಕತ್ತರ್ಸು!"

ಆ ಕೂಗಿಗೆ ಕಾಲು ಬಂತು. ಓಡಿಹೋಗಿ ಮೊದಲು ಕುತ್ತಿಗೆಯ ಹತ್ತಿರ ಬೆರಳು ತೂರಿಸಲು ನೋಡಿದೆ, ಬೆರಳು ಹೋಗಲಿಲ್ಲ. "ಹಿಂದೆ, ಹಿಂದೆ!" ಅಂದರು ಬೂಬಮ್ಮ. ಗಂಟಿಗೂ ಸರಳಿಗೂ ನಡುವೆ ಕತ್ತರಿ ಹಾಕಿದೆ. ರೇಷ್ಮೆ ಕತ್ತರಿಯ ಬಾಯಿಂದ ಜಾರಿತು. ಮತ್ತೆ ಹಾಕಿದೆ, ಅರ್ಧ ಎಳೆ ಹೋಯಿತು, ಅರ್ಧ ಉಳಿಯಿತು. ಅತ್ತೆ ಎಷ್ಟು ಚೆನ್ನಾಗಿ ಹೊಸೆದಿದ್ದರೆಂದರೆ ಮೂರನೆಯ ಸಲ ಬಲ ಹಾಕಿ ಒತ್ತಿದ ಮೇಲೆಯೇ ಅದು ತುಂಡಾದದ್ದು. ಕುತ್ತಿಗೆಯ ಸುತ್ತ ಸಡಿಲವಾಯಿತು. ಮಗಳು ಒಮ್ಮೆ ಉಸಿರೆಳೆದು, ಕೆಮ್ಮಿ, ಅಳಲು ಶುರುಮಾಡಿದಳು. ಅಷ್ಟು ಒಳ್ಳೆಯ ಅಳುವನ್ನು ನಾನು ಜೀವನದಲ್ಲಿ ಮತ್ತೆ ಕೇಳಿಲ್ಲ.

ಅಳು ಕೇಳಿ ಅತ್ತೆ ಕೈಯಲ್ಲಿ ಮೆಂತ್ಯದ ಕಂತೆ ಹಿಡಿದೇ ಓಡಿಬಂದರು. ಮಗುವನ್ನು ನೋಡಿದರು. ಸರಳಿನ ಮೇಲೆ ರಾಟೆಗೆ ಸುತ್ತಿದ ಹಾಗೆ ಒತ್ತಾಗಿ, ಅಚ್ಚುಕಟ್ಟಾಗಿ ಸುತ್ತಿಕೊಂಡಿದ್ದ ಹಳದಿ ಲಾಡಿ ನೋಡಿದರು. ಅಲ್ಲೇ ನೆಲಕ್ಕೆ ಕೂತುಬಿಟ್ಟರು.

ಅಳು ನಿಂತ ಮೇಲೆ ಮಗಳು ಮೊದಲು ಹೇಳಿದ್ದು, "ನನ್ನ ಲಾಡಿ ಯಾಕೆ ಕತ್ತರಿಸ್ದೆ?"

ಡಾಕ್ಟರು ನೋಡಿ ಏನೂ ತೊಂದರೆಯಿಲ್ಲ ಅಂದರು. ಕುತ್ತಿಗೆಯ ಸುತ್ತ ಒಂದು ಕೆಂಪು ಗೆರೆ ಹತ್ತು ಹನ್ನೆರಡು ದಿನ ಉಳಿದು ಮಾಯವಾಯಿತು. ಬೂಬಮ್ಮನ ಮೊಳಕೈ ಬೆಲ್ಟು ಉಜ್ಜಿ ಸುಲಿದುಹೋಗಿತ್ತು. ಅದಕ್ಕೆ ಅರಿಶಿನ ಹಚ್ಚುವಾಗ ನಾನು ಮಾತಾಡಲು ಹೋಗಿ ಅತ್ತುಬಿಟ್ಟೆ. "ಸುಮ್ನಿರಮ್ಮಾ. ನನ್ ಕಣ್ಣ ಮುಂದೇನೇ ಆಯ್ತು, ನಾನು ಏನಂತ ಹೇಳ್ಕೊಳ್ಲಿ?" ಅಂದರು. ಆ ವಾರವೇ ಅವರು ಸರಳಿನ ಉದ್ದಕ್ಕೂ ಹಲಗೆ ಬಡಿಸಿ ಮುಚ್ಚಿಸಿದರು. ಮಕ್ಕಳು ಹೊಸ್ತಿಲು ದಾಟಬಾರದು ಅಂತ ಕಟ್ಟಪ್ಪಣೆಯಾಯಿತು. ಕದವಿಲ್ಲದ ಬಾಗಿಲಿಗೆ ನನ್ನ ಗಂಡ ಕೆಂಗಲ್ಲಿನಿಂದ ಒಂದು ಹಳೆಯ ಕದ ತಂದು ಕೂರಿಸಿದರು.

ಬದಲಾಗದ್ದು ನನ್ನ ತಲೆಯೊಳಗಿನದು. ಅನ್ನ ಬಸಿಯುವಾಗ, ಬಟ್ಟೆ ಹಿಂಡುವಾಗ ಥಟ್ಟನೆ ಮತ್ತೆ ಆ ಶೆಡ್ಡಿನ ಹೊಸ್ತಿಲಿನಲ್ಲಿ ನಿಂತಿರುತ್ತಿದ್ದೆ. ಮಗಳು ನಗುತ್ತ ಎರಡು ಹೆಜ್ಜೆ ಬರುತ್ತಿದ್ದಳು. ಕೆಲವು ಸಲ ನಾನು ಓಡುತ್ತಿದ್ದೆ, ಕೆಲವು ಸಲ ಆವತ್ತಿನ ಹಾಗೇ ನಿಂತಿರುತ್ತಿದ್ದೆ. ನಾನು ಹೋಗದೇ ಇದ್ದಿದ್ದರೆ ಅವಳು ಏಳುತ್ತಲೇ ಇರಲಿಲ್ಲ. ಹೋಗದೇ ಇದ್ದಿದ್ದರೆ ಕತ್ತರಿಯೂ ಇರುತ್ತಿರಲಿಲ್ಲ. ಈ ಎರಡರಲ್ಲಿ ಯಾವುದನ್ನು ಹಿಡಿದುಕೊಳ್ಳಬೇಕೆಂದು ಈಗಲೂ ಗೊತ್ತಾಗಿಲ್ಲ.

ಅತ್ತೆ ಎಲೆಯಡಿಕೆ ಕೂಡ ಬಾಯಿಗೆ ಹಾಕದೆ ಎರಡು ದಿನ ಕೂತಿದ್ದರು. ಮೂರನೆಯ ದಿನ ಮಗಳಿಗೆ ಸ್ನಾನ ಮಾಡಿಸುವಾಗ ಅವಳ ಸೊಂಟದ ಉಡಿದಾರವನ್ನು ಹಿಡಿದು ಜಗ್ಗಿ ನೋಡಿದರು. ಅದೂ ಅವರೇ ಹೊಸೆದ ರೇಷ್ಮೆ. ನನ್ನನ್ನು ಕೂಗಿದರು.

"ಆ ಕತ್ತರಿ ತಕ್ಕಬಾ."

ಉಡಿದಾರ ಕತ್ತರಿಸಿ ಒಲೆಗೆ ಹಾಕಿದರು. ರೇಷ್ಮೆಯನ್ನು ಅವರು ಬಿಸಾಕಿದ್ದು ನಾನು ನೋಡಿದ್ದು ಅದೊಂದೇ ಸಲ. ಆಮೇಲೆ ಬೆನ್ನು ತಿರುಗಿಸಿಕೊಂಡು, "ನೀನು ತಂದಿದ್ದೆಯಲ್ಲ, ಬಿಳೀದು. ಅದ ಹಾಕಕ್ಕೆ ಬುಟ್ಟಿದ್ರೆ ಹರಿದೋಗಿರೋದು. ನನ್ನ ತೊಡೆ ಮೇಲೆ ಹೊಸೆದೆ ಕಣಮ್ಮಿ," ಅಂದರು.

"ಏಪ್ರನ್ ಹೊಲಿದೋಳು ನಾನು ಅತ್ತೆ."

"ಇಬ್ರೂ ಸೇರಿ ಹೊಲಿದೋ, ಬುಡು."

ಮಗಳಿಗೆ ಇದ್ಯಾವುದರ ಗೊಡವೆಯಿಲ್ಲ. ಅವಳ ದುಃಖ ಏಪ್ರನ್ ಹೋಯಿತೆಂಬುದು. ಬೂಬಮ್ಮ ಗೂಡಿನ ರಾಶಿಯನ್ನೇ ಶೆಡ್ಡಿನಿಂದ ಎತ್ತಿಸಿ ಅಂಗಳದ ಹೊಂಗೆ ಮರದ ಕೆಳಗೆ ಹಾಕಿಸಿದ್ದರು, ಅಲ್ಲಿ ಕೂತು ಆರಿಸಬಹುದು ಅಂತ. ಕದದ ಸಂದಿಯಲ್ಲಿ ಕಣ್ಣಿಟ್ಟು ನಿಂತ ಮಗಳು, "ಎಲ್ಲರಿಗೂ ಗೋಣಿ ಐತೆ, ನಂಗೆ ಮಾತ್ರ ಇಲ್ಲ" ಎಂದು ರಾಗ ಎಳೆಯುತ್ತಿದ್ದಳು. ಇನ್ನೊಂದು ಹೊಲಿಯುವ ಧೈರ್ಯ ನನಗಿರಲಿಲ್ಲ. ಹೊಲಿಯದಿದ್ದರೆ ಇವಳು ಮತ್ತೆ ರಾಗಿ ಚೀಲ ಸುತ್ತಿಕೊಂಡು ಯಾವ ಹಗ್ಗ ಕಟ್ಟಿಕೊಂಡು ಯಾವ ಯಂತ್ರದ ಹತ್ತಿರ ಹೋಗುತ್ತಾಳೋ ಎಂಬ ಭಯವೂ ಇತ್ತು. ಎರಡನೆಯ ಭಯ ಗೆದ್ದಿತು.

ಈ ಸಲ ಲಾಡಿಯೇ ಇಲ್ಲ. ಅದೇ ಗೂಡಿನ ಚೀಲದ ಉಳಿದ ಬಟ್ಟೆಯಲ್ಲಿ ಮುಂದೊಂದು ತುಂಡು, ಹಿಂದೊಂದು ತುಂಡು. ಬಲ ಭುಜದಲ್ಲಿ ಎರಡನ್ನೂ ಸೇರಿಸಿ ಹೊಲಿಗೆ, ಎಡ ಭುಜದಲ್ಲಿ ಒಂದು ಗುಂಡಿ. ಬದಿಗಳು ಪೂರ್ತಿ ತೆರೆದದ್ದು. ತಲೆಯ ಮೇಲಿಂದ ಇಳಿಬಿಟ್ಟರೆ ಆಯಿತು. ಗುಂಡಿಗೆ ಚನ್ನಪಟ್ಟಣದ ಮರದ ಆಟಿಕೆಯೊಂದರಿಂದ ಕಳಚಿಬಿದ್ದಿದ್ದ ಕೆಂಪು ಅರಗಿನ ಮಣಿ ಸಿಕ್ಕಿತು. ಬಲ ಭುಜಕ್ಕೂ ಮೆಷಿನ್ ಹೊಲಿಗೆ ಹಾಕದೆ ಕೈಯಲ್ಲೇ ದೂರ ದೂರ ಕಚ್ಚಾ ಹೊಲಿಗೆ ಹಾಕಿದೆ. ಮಣಿಯನ್ನು ಹತ್ತಿ ದಾರದ ಒಂದೇ ಎಳೆಯಲ್ಲಿ, ಎರಡೇ ಸುತ್ತಿನಲ್ಲಿ ಕೂರಿಸಿದೆ. ಕಲಿತ ಹೊಲಿಗೆಯನ್ನು ಬೇಕೆಂದೇ ಕೆಡಿಸುವುದು ಅಷ್ಟು ಸುಲಭವಲ್ಲ. ಕೈ ತಾನಾಗಿ ಮೂರನೆಯ ಸುತ್ತಿಗೆ ಹೋಗುತ್ತಿತ್ತು.

ಹೊಲಿದು ಅತ್ತೆಯ ಮುಂದಿಟ್ಟೆ. ಅವರು ಕನ್ನಡಕ ಹಾಕಿಕೊಂಡು ಭುಜದ ಹೊಲಿಗೆ ನೋಡಿದರು, ಮಣಿ ನೋಡಿದರು. ಬೇರೆ ದಿನವಾಗಿದ್ದರೆ ಆ ಹೊಲಿಗೆಗೆ ನನ್ನ ತವರಿನ ಮೂರು ತಲೆಮಾರಿಗೆ ಆಗುವಷ್ಟು ಬೈಗುಳ ಬೀಳುತ್ತಿತ್ತು. ಮಗಳನ್ನು ಕರೆದು ತೊಡಿಸಿದರು. ಹಿಂದಿನ ತುಂಡಿನ ಅಂಚು ಹಿಡಿದುಕೊಂಡರು.

"ಓಡು ಪುಟ್ಟಿ."

ಮಗಳು ಓಡಿದಳು. ಮಣಿ ಟಪ್ಪೆಂದು ಕಿತ್ತು ಹಾರಿ ಮೆಷಿನ್ನಿನ ಕೆಳಗೆ ಉರುಳಿತು. ಅವಳು ಬಾಗಿಲ ತನಕ ಓಡಿ ಹೋಗಿ ತಿರುಗಿ ನೋಡಿದಳು. ಏಪ್ರನ್ ಅತ್ತೆಯ ಕೈಯಲ್ಲೇ ಉಳಿದಿತ್ತು.

"ಇನ್ನೊಂದ್ಸಲ ಹೊಲಿ," ಅಂದರು ಅತ್ತೆ. "ಹಿಂಗೇ ಹೊಲಿ."

ಹೊಲಿದೆ. ಮತ್ತೆ ತೊಡಿಸಿದರು, ಮತ್ತೆ ಹಿಡಿದುಕೊಂಡರು, ಮತ್ತೆ ಓಡಿಸಿದರು. ಮಗಳಿಗೆ ಇದು ಹೊಸ ಆಟ. ಮೂರು ಸಲ ಕಿತ್ತುಬಂತು. ಮೂರನೆಯ ಸಲ ಅತ್ತೆ ಎಲೆಯಡಿಕೆ ಚೀಲ ಬಿಚ್ಚಿಕೊಂಡು ಕೂತರು, ನಾನು ಮೊಣಕಾಲೂರಿ ಮೆಷಿನ್ನಿನ ಕೆಳಗೆ ಮಣಿ ಹುಡುಕಿದೆ.

ಆ ಏಪ್ರನ್ನಿನ ಮಣಿಯನ್ನು ವಾರಕ್ಕೆ ನಾಲ್ಕು ಸಲವಾದರೂ ಹೊಲಿಯಬೇಕಾಗುತ್ತಿತ್ತು. ಮರದ ಕೊಂಬೆಗೆ ಸಿಕ್ಕಿ ಒಮ್ಮೆ, ಬಾಗಿಲ ಚಿಲಕಕ್ಕೆ ಒಮ್ಮೆ, ಕೋಳಿ ಅಟ್ಟಿಸಿಕೊಂಡು ಹೋಗುವಾಗ ಒಮ್ಮೆ. ಪ್ರತಿ ಸಲವೂ ಮಗಳು ಮಣಿಯನ್ನು ಅಂಗೈಯಲ್ಲಿ ಹಿಡಿದು ಓಡಿಬಂದು, "ಅಮ್ಮ, ಕಿತ್ತೋಯ್ತು" ಎನ್ನುತ್ತಿದ್ದಳು. ನಾನು ಸೂಜಿಗೆ ದಾರ ಪೋಣಿಸುವ ಮುಂಚೆ ಅವಳ ಕುತ್ತಿಗೆ ಒಮ್ಮೆ ಸವರಿ ನೋಡಿ, ಎರಡೇ ಸುತ್ತು ಹಾಕಿ, ಮೂರನೆಯದಕ್ಕೆ ಹೋಗುವ ಕೈಯನ್ನು ಹಿಡಿದು ನಿಲ್ಲಿಸಿ, ದಾರವನ್ನು ಹಲ್ಲಿನಲ್ಲಿ ಕಡಿಯುತ್ತಿದ್ದೆ. ಹತ್ತಿ ದಾರ, ಕಡಿದರೆ ತುಂಡಾಗುತ್ತಿತ್ತು.